ಸಂಕಲ್ಪಬಲವೋ ಸನ್ನಿವೇಶಬಲವೋ?

ಜೂನ್ ತಿಂಗಳಲ್ಲಿ ಶಾಲೆ ಕಾಲೇಜುಗಳು ತೆರೆದೊಡನೆ ವಿದ್ಯಾರ್ಥಿಗಳಿರುವ ಮನೆಗಳಲ್ಲಿ ಒಂದು ದೃಶ್ಯವನ್ನು ಕಾಣಬಹುದು. ಹೊಸ ನೋಟುಪುಸ್ತಕದ ಮೊದಲ ಪುಟಗಳಲ್ಲಿ ಅಕ್ಷರಗಳು ಮುತ್ತು ಪೋಣಿಸಿದಂತೆ ಇರುತ್ತವೆ. ಗೋಡೆಯ ಮೇಲೆ ಒಂದು ವೇಳಾಪಟ್ಟಿ ಏರುತ್ತದೆ: ಬೆಳಗ್ಗೆ 5 ಗಂಟೆಗೆ ಏಳುವುದು, ಅರ್ಧ ಗಂಟೆ ವ್ಯಾಯಾಮ, 2 ಗಂಟೆ ಓದು, ಸಂಜೆ ಮತ್ತೆ 2 ಗಂಟೆ ಓದು, ರಾತ್ರಿ 10ಕ್ಕೆ ನಿದ್ರೆ. ಆಷಾಢದ ಮಳೆ ಹಿಡಿಯುವಷ್ಟರಲ್ಲಿ ಅಕ್ಷರಗಳು ಕಾಗೆಕಾಲು ಗುಬ್ಬಿಕಾಲುಗಳಾಗಿರುತ್ತವೆ. ವೇಳಾಪಟ್ಟಿಯೇನೋ ಗೋಡೆಯ ಮೇಲೆಯೇ ಇರುತ್ತದೆ. ಅದರ ಕಡೆಗೆ ಕಣ್ಣೆತ್ತಿ ನೋಡುವವರು ಮಾತ್ರ ಇರುವುದಿಲ್ಲ. "ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದ" ಎಂಬ ಗಾದೆಯನ್ನು ಹಿರಿಯರು ಈ ಸಮಯಕ್ಕೆಂದೇ ಕಾದಿರಿಸಿಕೊಂಡಿರುತ್ತಾರೆ.

ಗಾದೆಯೊಡನೆ ಒಂದು ತೀರ್ಪೂ ಬರುತ್ತದೆ. "ನಿನಗೆ ಮನಸ್ಸಿನ ದಾರ್ಢ್ಯ ಸಾಲದು, ಛಲವಿಲ್ಲ" ಎಂದು ತಂದೆತಾಯಿಗಳು ಹೇಳುತ್ತಾರೆ. ಉಪಾಧ್ಯಾಯರೂ ಹಾಗೆಯೇ ಹೇಳುತ್ತಾರೆ. ಇದನ್ನು ನಾಲ್ಕಾರು ಬಾರಿ ಕೇಳಿದ ಹುಡುಗನು ಕಡೆಗೆ ತಾನೇ ಅದನ್ನು ನಂಬುತ್ತಾನೆ. ತಾನು ಆರಂಭಶೂರ, ತನ್ನಿಂದ ಏನೂ ಆಗದು ಎಂಬ ಭಾವನೆ ಅವನಲ್ಲಿ ಬೇರೂರುತ್ತದೆ. ವೇಳಾಪಟ್ಟಿ ಬಿದ್ದುಹೋದುದು ಅಷ್ಟು ದೊಡ್ಡ ನಷ್ಟವಲ್ಲ. ಹದಿನಾರು ಹದಿನೇಳರ ಹರೆಯದಲ್ಲಿ ತನ್ನ ವಿಷಯವಾಗಿ ತಾನೇ ಇಂತಹ ತೀರ್ಮಾನಕ್ಕೆ ಬರುವುದು ನಿಜವಾದ ನಷ್ಟ. ಈ ತೀರ್ಪು ಅನ್ಯಾಯವಾದುದಷ್ಟೇ ಅಲ್ಲ, ವಿಜ್ಞಾನಕ್ಕೆ ವಿರುದ್ಧವಾದುದು ಎಂಬುದು ನನ್ನ ಅಭಿಪ್ರಾಯ. ಒಳ್ಳೆಯ ಅಭ್ಯಾಸಗಳು ನಿಲ್ಲದಿರುವುದಕ್ಕೆ ಸಂಕಲ್ಪದ ಕೊರತೆಗಿಂತ ಸನ್ನಿವೇಶದ ಕೊರತೆಯೇ ಹೆಚ್ಚಿನ ಕಾರಣ. ಈ ಮಾತಿಗೆ ಆಧಾರವೇನೆಂಬುದನ್ನು ಮುಂದೆ ವಿವರಿಸುತ್ತೇನೆ.

ಮೊದಲು ಅಭ್ಯಾಸವೆಂದರೇನೆಂದು ನೋಡೋಣ. ಕನ್ನಡದಲ್ಲಿ ಈ ಒಂದೇ ಪದವು ಓದುವುದಕ್ಕೂ, ಮತ್ತೆ ಮತ್ತೆ ಮಾಡಿ ಕಲಿಯುವುದಕ್ಕೂ, ಹಾಗೆ ಕಲಿತದ್ದು ರೂಢಿಯಾಗಿ ನಿಲ್ಲುವುದಕ್ಕೂ ಸಲ್ಲುತ್ತದೆ. ಕೊನೆಯ ಅರ್ಥವನ್ನು ಇಲ್ಲಿ ತೆಗೆದುಕೊಳ್ಳೋಣ. ನೀವು ಹೊರಗಿನಿಂದ ಮನೆಗೆ ಬಂದಾಗ ಹೊಸ್ತಿಲ ಬಳಿ ಚಪ್ಪಲಿಯನ್ನು ಕಳಚುತ್ತೀರಿ. ಹಾಗೆ ಮಾಡುವಾಗ ಪಾದರಕ್ಷೆಯ ಧೂಳಿನಿಂದಾಗುವ ಕೇಡನ್ನು ಕುರಿತು ನೀವು ಚಿಂತಿಸುವುದಿಲ್ಲ. ಯಾವ ಪ್ರತಿಜ್ಞೆಯನ್ನೂ ಸ್ಮರಿಸುವುದಿಲ್ಲ. ಹೊಸ್ತಿಲು ಕಂಡಿತು, ಕಾಲು ತಾನಾಗಿಯೇ ಚಪ್ಪಲಿಯನ್ನು ಬಿಟ್ಟಿತು. ಮನಸ್ಸು ಆಗ ಬೇರಾವುದೋ ಯೋಚನೆಯಲ್ಲಿ ಇರಬಹುದು. ಒಂದು ಗೊತ್ತಾದ ಸೂಚನೆ ದೊರೆತೊಡನೆ, ಆಲೋಚನೆಯ ನೆರವಿಲ್ಲದೆ, ಒಂದು ಗೊತ್ತಾದ ಕ್ರಿಯೆ ನಡೆದುಹೋಗುವುದೇ ಅಭ್ಯಾಸ. ಹೊಸ್ತಿಲು ಇಲ್ಲಿ ಸೂಚನೆ. ಚಪ್ಪಲಿ ಬಿಡುವುದು ಕ್ರಿಯೆ. ಇವೆರಡನ್ನೂ ಬಾಲ್ಯದಿಂದ ಸಾವಿರಾರು ಬಾರಿ ಒಂದರ ಹಿಂದೊಂದು ಅನುಸರಿಸಿದ್ದರಿಂದ ಅವುಗಳ ನಡುವೆ ಗಂಟು ಬಿದ್ದಿದೆ.

ಈ ಗಂಟು ಬೀಳುವುದು ಮಿದುಳಿನಲ್ಲಿ. ಅದರಲ್ಲಿಯೂ ಬೇಸಲ್ ಗ್ಯಾಂಗ್ಲಿಯ ಎಂದು ಕರೆಯಲ್ಪಡುವ, ಮಿದುಳಿನ ಒಳಭಾಗದಲ್ಲಿರುವ ನರಕೋಶಗಳ ಗುಂಪುಗಳು ಈ ಕೆಲಸದಲ್ಲಿ ಮುಖ್ಯ ಪಾತ್ರವನ್ನು ವಹಿಸುತ್ತವೆ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಆ್ಯನ್ ಗ್ರೇಬಿಯಲ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಇಲಿಗಳನ್ನು ಒಂದು ಕವಲುದಾರಿಯಲ್ಲಿ ಓಡಿಸಿ, ಆ ಭಾಗದ ನರಕೋಶಗಳ ಚಟುವಟಿಕೆಯನ್ನು ಅಳೆದು, 1999ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ದಾರಿ ಹೊಸದಾಗಿದ್ದಾಗ ಓಟದ ಉದ್ದಕ್ಕೂ ನರಕೋಶಗಳು ಚುರುಕಾಗಿದ್ದುವು. ದಾರಿ ಚೆನ್ನಾಗಿ ರೂಢಿಯಾದ ತರುವಾಯ ಓಟದ ಪ್ರಾರಂಭದಲ್ಲಿಯೂ ಕೊನೆಯಲ್ಲಿಯೂ ಮಾತ್ರ ಚುರುಕಾದುವು; ನಡುವೆ ಬಹುಮಟ್ಟಿಗೆ ಸುಮ್ಮನಿದ್ದುವು. ಅನೇಕ ಬಿಡಿ ಹೆಜ್ಜೆಗಳು ಒಂದು ಕಟ್ಟಾಗಿಬಿಟ್ಟಿದ್ದುವು. ಮೊದಲ ಹೆಜ್ಜೆ ಬಿದ್ದರೆ ಸಾಕು, ಉಳಿದವು ತಾವಾಗಿ ಅದರ ಹಿಂದೆ ಬರುತ್ತಿದ್ದುವು. ಮೊದಲ ಬಾರಿಗೆ ಸೈಕಲ್ ಏರಿದ ದಿನವನ್ನೂ, ಇಂದು ಗೆಳೆಯನೊಡನೆ ಹರಟುತ್ತ ಸೈಕಲ್ ತುಳಿಯುವ ದಿನವನ್ನೂ ಹೋಲಿಸಿಕೊಂಡರೆ ಇದರ ಅರ್ಥ ಸ್ಪಷ್ಟವಾಗುವುದು.

ಈ ವ್ಯವಸ್ಥೆಯು ನಮ್ಮ ನೆನಪು, ವಿಚಾರಗಳ ವ್ಯವಸ್ಥೆಯಿಂದ ಎಷ್ಟರಮಟ್ಟಿಗೆ ಬೇರೆಯೆಂಬುದನ್ನು ಹೆನ್ರಿ ಮೊಲೈಸನ್ ಎಂಬ ಅಮೆರಿಕದ ರೋಗಿಯೊಬ್ಬನ ಪ್ರಸಂಗವು ತೋರಿಸಿಕೊಟ್ಟಿತು. ಮೂರ್ಛೆರೋಗದ ಪರಿಹಾರಕ್ಕಾಗಿ 1953ರಲ್ಲಿ ಅವನ ಮಿದುಳಿನ ಒಂದು ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದುಹಾಕಿದರು. ಅಂದಿನಿಂದ ಅವನಿಗೆ ಹೊಸ ಸಂಗತಿಗಳಾವುವೂ ನೆನಪಿನಲ್ಲಿ ಉಳಿಯದಂತಾದುವು. ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಅವನಿಗೆ ಒಂದು ಕೆಲಸವನ್ನು ಕೊಟ್ಟರು: ಕೈಯನ್ನು ನೇರವಾಗಿ ನೋಡದೆ, ಕನ್ನಡಿಯಲ್ಲಿ ಮಾತ್ರ ನೋಡುತ್ತ, ನಕ್ಷತ್ರದ ಆಕೃತಿಯೊಂದರ ಅಂಚಿನಲ್ಲಿ ಗೆರೆ ಎಳೆಯಬೇಕು. ಮೂರು ದಿನಗಳಲ್ಲಿ ಅವನ ತಪ್ಪುಗಳು ಬಹಳ ಕಡಿಮೆಯಾದುವು. ಆದರೆ ತಾನು ಹಿಂದೆ ಈ ಕೆಲಸವನ್ನು ಮಾಡಿದ್ದೆನೆಂಬುದೇ ಅವನಿಗೆ ನೆನಪಿರಲಿಲ್ಲ! ಮನಸ್ಸು ಮರೆತುದನ್ನು ಕೈ ಕಲಿತಿತ್ತು. ಇದರಿಂದ ನಾವು ಗ್ರಹಿಸಬೇಕಾದುದು ಇಷ್ಟು: ಉಪದೇಶವು ಮುಟ್ಟುವುದು ಮಿದುಳಿನ ಒಂದು ವ್ಯವಸ್ಥೆಯನ್ನು, ಅಭ್ಯಾಸವು ನೆಲೆಸುವುದು ಇನ್ನೊಂದರಲ್ಲಿ. ಮೊದಲನೆಯದಕ್ಕೆ ಎಷ್ಟೇ ಬೋಧಿಸಿದರೂ ಎರಡನೆಯದು ಪುನರಾವರ್ತನೆಯಿಂದಲ್ಲದೆ ಕಲಿಯಲಾರದು.

ಅಭ್ಯಾಸವನ್ನು ಎಬ್ಬಿಸುವ ಸೂಚನೆಯ ಬಲ ಎಷ್ಟೆಂಬುದನ್ನು ತೋರಿಸುವ ಒಂದು ವಿನೋದಕರವಾದ ಪ್ರಯೋಗವೂ ಇದೆ. ಡೇವಿಡ್ ನೀಲ್, ವೆಂಡಿ ವುಡ್ ಮೊದಲಾದವರು ಅದನ್ನು 2011ರಲ್ಲಿ ಪ್ರಕಟಿಸಿದರು. ಚಲನಚಿತ್ರ ನೋಡಲು ಬಂದವರಲ್ಲಿ ಕೆಲವರಿಗೆ ಆಗತಾನೆ ಹುರಿದ ಪಾಪ್‌ಕಾರ್ನನ್ನೂ, ಕೆಲವರಿಗೆ ವಾರದ ಹಿಂದೆ ಹುರಿದು ಮೆತ್ತಗಾದ ಪಾಪ್‌ಕಾರ್ನನ್ನೂ ಕೊಟ್ಟರು. ಚಿತ್ರಮಂದಿರದಲ್ಲಿ ಅದನ್ನು ತಿನ್ನುವ ಅಭ್ಯಾಸ ಬಲವಾಗಿದ್ದವರು ಹಳಸಲನ್ನೂ ಹೆಚ್ಚುಕಡಿಮೆ ತಾಜಾ ಇದ್ದಷ್ಟೇ ತಿಂದರು. ಅದು ರುಚಿಯಾಗಿದೆಯೆಂದು ಅವರೇನೂ ಹೇಳಲಿಲ್ಲ. ಆದರೆ ಅಂಥವರನ್ನೇ ಸಭಾಕೊಠಡಿಯಲ್ಲಿ ಕೂರಿಸಿ ಕೊಟ್ಟಾಗ ಹಳಸಲನ್ನು ಬಹುಪಾಲು ಬಿಟ್ಟರು. ಚಿತ್ರಮಂದಿರದಲ್ಲಿಯೇ ಎಡಗೈಯಂತಹ ರೂಢಿಯಿಲ್ಲದ ಕೈಯಿಂದ ತಿನ್ನಬೇಕೆಂದು ಕಟ್ಟುಮಾಡಿದಾಗಲೂ ಹಾಗೆಯೇ ಆಯಿತು. ತಿಂದದ್ದು ಹಸಿವೆಯಲ್ಲ, ರುಚಿಯೂ ಅಲ್ಲ; ಕತ್ತಲ ಮಂದಿರ, ಬೆಳ್ಳಿತೆರೆ, ಕೈಯಲ್ಲಿನ ಪೊಟ್ಟಣ ಇವು ತಿನ್ನಿಸಿದವು. ಸೂಚನೆಯನ್ನು ಬದಲಿಸಿದೊಡನೆ ಮನುಷ್ಯನ ವಿವೇಕ ಮರಳಿತು.

ಇಲ್ಲಿಯವರೆಗೆ ಹೇಳಿದುದು ಪ್ರಯೋಗಶಾಲೆಯ ಮಾತು. ಜೀವಮರಣದ ಪ್ರಶ್ನೆ ಇದ್ದಾಗಲಾದರೂ ಮನುಷ್ಯನು ತಿಳಿವಳಿಕೆಯಿಂದಲೇ ಒಳ್ಳೆಯ ಅಭ್ಯಾಸವನ್ನು ಉಳಿಸಿಕೊಳ್ಳುವನಷ್ಟೆ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರವಾಗಿ ಕೈತೊಳೆಯುವ ಅಭ್ಯಾಸದ ಚರಿತ್ರೆಯನ್ನೇ ನೋಡೋಣ.

1840ರ ದಶಕದಲ್ಲಿ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದುವು. ಒಂದರಲ್ಲಿ ವೈದ್ಯರೂ ವೈದ್ಯವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. ವೈದ್ಯರ ವಿಭಾಗದಲ್ಲಿ ಬಾಣಂತಿಜ್ವರದಿಂದ ಸಾಯುವ ತಾಯಂದಿರು ಹೆಚ್ಚು. ಇಗ್ನಾಜ್ ಸೆಮೆಲ್‌ವೈಸ್ ಎಂಬ ತರುಣ ವೈದ್ಯನು ಇದರ ಕಾರಣವನ್ನು ಹುಡುಕುತ್ತಿದ್ದನು. 1847ರ ಮಾರ್ಚ್‌ನಲ್ಲಿ ಅವನ ಮಿತ್ರ ಕೊಲೆಚ್ಕನು ಶವಪರೀಕ್ಷೆಯ ಕಾಲದಲ್ಲಿ ಶಸ್ತ್ರ ತಗುಲಿ ಗಾಯಗೊಂಡು ಅಂಥದೇ ಲಕ್ಷಣಗಳಿಂದ ಮಡಿದನು. ಸೆಮೆಲ್‌ವೈಸನಿಗೆ ರಹಸ್ಯವು ಹೊಳೆಯಿತು. ವೈದ್ಯರೂ ವಿದ್ಯಾರ್ಥಿಗಳೂ ಶವಗಳನ್ನು ಮುಟ್ಟಿದ ಕೈಗಳಿಂದಲೇ ಬಾಣಂತಿಯರನ್ನು ಮುಟ್ಟುತ್ತಿದ್ದರು. ಅವನು ಅದೇ ಮೇ ತಿಂಗಳಲ್ಲಿ ಎಲ್ಲರೂ ಕ್ಲೋರಿನ್ ಕೂಡಿದ ಸುಣ್ಣದ ದ್ರಾವಣದಿಂದ ಕೈತೊಳೆಯಬೇಕೆಂದು ನಿಯಮ ಮಾಡಿದನು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಮರಣದ ಪ್ರಮಾಣವು ಜೂನ್‌ನಲ್ಲಿ ನೂರಕ್ಕೆ ಸುಮಾರು 2ಕ್ಕೆ ಇಳಿಯಿತು. ಆದರೂ ಆ ಕಾಲದ ಅನೇಕ ವೈದ್ಯರು ಅವನ ಮಾತನ್ನು ಒಪ್ಪಲಿಲ್ಲ. ಮನನೊಂದು, ಕಡೆಗೆ ಬುದ್ಧಿಭ್ರಮಣೆಗೆ ಒಳಗಾಗಿ, ಅವನು 1865ರಲ್ಲಿ ತೀರಿಕೊಂಡನು.

ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ, ಅಜ್ಞಾನದ ಕೇಡಿಗೆ ಉದಾಹರಣೆಯಾಗಿ ಹೇಳುತ್ತಾರೆ. ಪಾಸ್ತರ್, ಲಿಸ್ಟರ್, ಕಾಖ್ ಇವರ ಸಂಶೋಧನೆಗಳಿಂದ ರೋಗಾಣುಗಳ ಸಂಗತಿ ತಿಳಿದ ಮೇಲೆ ಅಜ್ಞಾನವು ಅಳಿಯಿತು. ಹಾಗಾದರೆ ವೈದ್ಯರೂ ದಾದಿಯರೂ ತಪ್ಪದೆ ಕೈತೊಳೆಯಲು ಪ್ರಾರಂಭಿಸಿದರೋ? ಇಲ್ಲ. ಸೆಮೆಲ್‌ವೈಸನ ಪ್ರಯೋಗದ ಸುಮಾರು ಒಂದೂವರೆ ಶತಮಾನದ ಅನಂತರ, 1994ರಲ್ಲಿ, ಸ್ವಿಟ್ಜರ್ಲೆಂಡಿನ ಜಿನೀವಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ದಿದಿಯೆ ಪಿತೆ ಎಂಬ ವೈದ್ಯರೂ ಅವರ ಸಹೋದ್ಯೋಗಿಗಳೂ ಲೆಕ್ಕವಿಟ್ಟು ನೋಡಿದರು. ಕೈ ಶುಚಿ ಮಾಡಿಕೊಳ್ಳಲೇಬೇಕಾದ 100 ಸಂದರ್ಭಗಳಲ್ಲಿ ಸಿಬ್ಬಂದಿಯು ಶುಚಿ ಮಾಡಿಕೊಂಡದ್ದು 48ರಲ್ಲಿ ಮಾತ್ರ. ಇವರು ಅಜ್ಞಾನಿಗಳಲ್ಲ, ರೋಗಾಣುಶಾಸ್ತ್ರವನ್ನು ಓದಿ ಪರೀಕ್ಷೆಯಲ್ಲಿ ಉತ್ತೀರ್ಣರಾದವರು. ದುಷ್ಟರೂ ಅಲ್ಲ, ರೋಗಿಗಳ ಸೇವೆಯಲ್ಲಿ ದುಡಿಯುವವರು. ತೊಂದರೆಯಿದ್ದುದು ನಲ್ಲಿಯಲ್ಲಿ! ಕೈತೊಳೆಯುವ ತೊಟ್ಟಿಯವರೆಗೆ ನಡೆಯಬೇಕು, ಸಾಬೂನು ಹಚ್ಚಿ ತಿಕ್ಕಬೇಕು, ಒರಸಿಕೊಳ್ಳಬೇಕು, ಹಿಂದಿರುಗಬೇಕು. ಕೆಲಸದ ಒತ್ತಡದಲ್ಲಿ ಗಂಟೆಗೆ ಹತ್ತಾರು ಬಾರಿ ಹೀಗೆ ಮಾಡುವುದೆಂದರೆ ರೋಗಿಯನ್ನು ನೋಡಲು ಸಮಯವೇ ಉಳಿಯದು.

ಜಿನೀವಾದವರು ಸಿಬ್ಬಂದಿಗೆ ಛೀಮಾರಿ ಹಾಕುತ್ತ ಕೂಡಲಿಲ್ಲ. ಮದ್ಯಸಾರದಿಂದ ತಯಾರಿಸಿದ, ಉಜ್ಜಿಕೊಂಡರೆ ಕೆಲವೇ ಕ್ಷಣಗಳಲ್ಲಿ ಆರಿಹೋಗುವ ದ್ರಾವಣದ ಸೀಸೆಗಳನ್ನು ಪ್ರತಿಯೊಂದು ಹಾಸಿಗೆಯ ಪಕ್ಕದಲ್ಲಿಯೂ ಇಟ್ಟರು. ಗೋಡೆಗಳಿಗೆ ಚಿತ್ರಪಟಗಳನ್ನು ಅಂಟಿಸಿದರು. ಕೆಲಸ ಹೇಗೆ ಸಾಗುತ್ತಿದೆಯೆಂಬುದನ್ನು ಆಗಾಗ್ಗೆ ಅಳೆದು ಎಲ್ಲರಿಗೂ ತಿಳಿಸಿದರು. 1997ರ ಹೊತ್ತಿಗೆ 48 ಇದ್ದುದು 66 ಆಯಿತು. ಅದೇ ವರ್ಷಗಳಲ್ಲಿ ಆಸ್ಪತ್ರೆಯಲ್ಲಿಯೇ ತಗುಲುವ ಸೋಂಕುಗಳ ಪ್ರಮಾಣವು ನೂರಕ್ಕೆ ಸುಮಾರು 17ರಿಂದ ಸುಮಾರು 10ಕ್ಕೆ ಇಳಿಯಿತು. ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ನಲ್ಲಿಯಲ್ಲಿ ಸಾಬೂನಿನಿಂದ ಕೈತೊಳೆಯುವುದು ಹಿಂದೆ ಎಷ್ಟಿತ್ತೋ ಅಷ್ಟೇ ಉಳಿಯಿತು. ಹೆಚ್ಚಿದ್ದೆಲ್ಲವೂ ಹಾಸಿಗೆಯ ಪಕ್ಕದ ಸೀಸೆಯಿಂದ. ಚಿತ್ರಪಟದ ಉಪದೇಶವೇ ಮುಖ್ಯವಾಗಿದ್ದಲ್ಲಿ ನಲ್ಲಿಯ ಬಳಕೆಯೂ ಹೆಚ್ಚಬೇಕಾಗಿತ್ತಲ್ಲವೆ? ಎಲ್ಲರೂ ಸುಧಾರಿಸಿದರೆಂದು ಹೇಳಿದರೆ ಅದು ಸತ್ಯವಾಗದು. ದಾದಿಯರಲ್ಲಿ ಕಂಡ ಸುಧಾರಣೆ ವೈದ್ಯರಲ್ಲಿ ಕಾಣಲಿಲ್ಲ. ಆದರೂ ಮಾರ್ಗವು ಸರಿಯಾದುದೆಂದು ಜಗತ್ತು ಒಪ್ಪಿತು. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಹೊರತಂದ ಮಾರ್ಗಸೂಚಿಯು ಇಂತಹ ದ್ರಾವಣವು ರೋಗಿಯ ಬಳಿಯಲ್ಲಿಯೇ ಕೈಗೆಟಕುವಂತಿರಬೇಕೆಂದು ಹೇಳುತ್ತದೆ.

ಜ್ಞಾನ, ಸದುದ್ದೇಶ, ಕರ್ತವ್ಯಪ್ರಜ್ಞೆ ಎಲ್ಲವೂ ಇದ್ದ ವಿದ್ಯಾವಂತರಿಗೇ ನಲ್ಲಿ ನಾಲ್ಕು ಹೆಜ್ಜೆ ದೂರವಿದ್ದರೆ ಒಳ್ಳೆಯ ಅಭ್ಯಾಸವು ಕೈಗೂಡದೆ ಹೋಯಿತು. ಹೀಗಿರುವಲ್ಲಿ, ಮುಂಜಾನೆ 5ಕ್ಕೆ ಏಳಲಾರದ ಹುಡುಗನೊಬ್ಬನನ್ನು ಛಲವಿಲ್ಲದವನೆಂದು ಹಳಿಯುವುದಕ್ಕೆ ನಮಗೇನು ಅಧಿಕಾರ?

ನಮ್ಮ ಹಿರಿಯರು ಬಾಯಲ್ಲಿ ಸಂಕಲ್ಪಬಲವನ್ನು ಹೊಗಳುತ್ತಿದ್ದರೂ ತಮ್ಮ ಮನೆಗಳನ್ನು ಕಟ್ಟುವಾಗ ಸನ್ನಿವೇಶಬಲವನ್ನೇ ನೆಚ್ಚಿದ್ದರು. ಹಳೆಯ ಮನೆಗಳ ಅಂಗಳದಲ್ಲಿ ಬಾಗಿಲ ಬದಿಗೆ ನೀರು ತುಂಬಿದ ಪಾತ್ರೆಯೊಂದು, ಅದರ ಮೇಲೊಂದು ಚೊಂಬು ಇರುತ್ತಿದ್ದುವು. ಹೊರಗಿನಿಂದ ಬಂದವರು ಕಾಲು ತೊಳೆದುಕೊಂಡೇ ಒಳಗೆ ಬರುತ್ತಿದ್ದರು. ಇಂದಿನ ನಗರದ ಮಹಡಿಮನೆಗಳ ಬಾಗಿಲಲ್ಲಿ ನೀರಿಲ್ಲ. ಕಾಲು ತೊಳೆಯುವ ರೂಢಿಯೂ ಬಹುಮಟ್ಟಿಗೆ ಮಾಯವಾಗಿದೆ. ನಮ್ಮ ಶುಚಿತ್ವದ ಬುದ್ಧಿಯೇನೂ ಕುಂದಿಲ್ಲ, ಪಾತ್ರೆಯು ಹೋಯಿತು, ಅಷ್ಟೆ. ಹಾಗೆಯೇ ಸಂಜೆ ದೀಪ ಹಚ್ಚಿದೊಡನೆ ಮಕ್ಕಳು ಕೈಕಾಲು ಮುಖ ತೊಳೆದು, ಚಾಪೆಯ ಮೇಲೆ ಕುಳಿತು, ಮಗ್ಗಿಯನ್ನೂ ಬಾಯಿಪಾಠವನ್ನೂ ಒಪ್ಪಿಸುವ ವಾಡಿಕೆಯಿತ್ತು. "ಓದು" ಎಂದು ಯಾರೂ ಪ್ರತಿದಿನ ಹೇಳಬೇಕಾಗಿರಲಿಲ್ಲ. ದೀಪವೇ ಹೇಳುತ್ತಿತ್ತು.

ದೀಪವು ಹೇಳಿದಂತೆ ಮಾಡುವ ಈ ಉಪಾಯವನ್ನು ಇಂದಿನ ಮನೋವಿಜ್ಞಾನವು ಪರೀಕ್ಷಿಸಿ ನೋಡಿದೆ. ಪೀಟರ್ ಗೋಲ್‌ವಿಟ್ಜರ್ ಎಂಬ ಜರ್ಮನ್ ವಿಜ್ಞಾನಿಯೂ ಅವರ ಸಹೋದ್ಯೋಗಿಯೂ 1997ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕ್ರಿಸ್‌ಮಸ್ ರಜೆಗೆ ಹೊರಟ ವಿದ್ಯಾರ್ಥಿಗಳಿಗೆ ಆ ಹಬ್ಬದ ಹಿಂದಿನ ಸಂಜೆಯನ್ನು ಹೇಗೆ ಕಳೆದರೆಂಬುದನ್ನು ಕುರಿತು ಎರಡು ದಿನಗಳೊಳಗೆ ಬರೆದು ಕಳುಹಿಸಬೇಕೆಂದು ತಿಳಿಸಲಾಯಿತು. ಅರ್ಧದಷ್ಟು ಮಂದಿಗೆ ಮಾತ್ರ, ಅದನ್ನು ಯಾವ ಹೊತ್ತಿನಲ್ಲಿ, ಯಾವ ಸ್ಥಳದಲ್ಲಿ ಕುಳಿತು ಬರೆಯುವಿರೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಲು ಹೇಳಿದರು. ಹಾಗೆ ಗೊತ್ತುಮಾಡಿಕೊಳ್ಳದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನರು ಹೇಳಿದ ಸಮಯದೊಳಗೆ ಬರೆದರು. ಗೊತ್ತುಮಾಡಿಕೊಂಡವರಲ್ಲಿ ಮೂರನೆಯ ಎರಡು ಪಾಲಿಗಿಂತ ಹೆಚ್ಚು ಮಂದಿ ಬರೆದರು. "ದಿನವೂ ಚೆನ್ನಾಗಿ ಓದುತ್ತೇನೆ" ಎಂಬುದು ಬರಿಯ ಆಸೆ. "ಸಂಜೆ ಕಾಫಿ ಕುಡಿದು ಲೋಟವನ್ನು ತೊಳೆದಿಟ್ಟ ಕೂಡಲೆ ನಡುಮನೆಯ ಮೇಜಿನ ಮುಂದೆ ಕುಳಿತು ಒಂದು ಗಣಿತದ ಲೆಕ್ಕವನ್ನು ಮಾಡುತ್ತೇನೆ" ಎಂಬುದು ವ್ಯವಸ್ಥೆ. ಇದರಲ್ಲಿ ಸೂಚನೆಯಿದೆ, ಸ್ಥಳವಿದೆ, ಕ್ರಿಯೆಯಿದೆ. ಅದರಲ್ಲಿಯೂ ಲೋಟ ತೊಳೆಯುವುದು ಈಗಾಗಲೆ ತಪ್ಪದೆ ನಡೆಯುತ್ತಿರುವ ಕೆಲಸವಾದುದರಿಂದ ಸೂಚನೆ ಮರೆತುಹೋಗುವ ಸಂಭವವಿಲ್ಲ.

ಒಂದೇ ಒಂದು ಲೆಕ್ಕವೇ ಎಂದು ನೀವು ನಗಬಹುದು. ಗೋಡೆಯ ಮೇಲಿನ ವೇಳಾಪಟ್ಟಿ ಬಿದ್ದುದು ಈ ನಗುವಿನಿಂದಲೇ. ಅದು ಒಂದೇ ದಿನ ಐದು ಹೊಸ ಅಭ್ಯಾಸಗಳನ್ನು ಬೇಡಿತು. ಅವುಗಳಲ್ಲಿ ಕೆಲವು ಗಂಟೆಗಟ್ಟಲೆಯ ಕೆಲಸ. ಪ್ರಾರಂಭದಲ್ಲಿ ಮಿದುಳು ಕಲಿಯಬೇಕಾದುದು ಲೆಕ್ಕವನ್ನಲ್ಲ, ಲೋಟ ತೊಳೆದೊಡನೆ ಮೇಜಿನ ಕಡೆಗೆ ತಿರುಗುವುದನ್ನು. ಆ ತಿರುವು ರೂಢಿಯಾದ ಮೇಲೆ ಒಂದು ಲೆಕ್ಕವನ್ನು ಹತ್ತು ಮಾಡಿಕೊಳ್ಳುವುದು ಕಷ್ಟವಲ್ಲ.

ಇದಕ್ಕೆ ಎಷ್ಟು ದಿನ ಬೇಕು? 21 ದಿನಗಳಲ್ಲಿ ಯಾವ ಅಭ್ಯಾಸವಾದರೂ ನೆಲೆಗೊಳ್ಳುತ್ತದೆಂಬ ಮಾತು ಬಹಳವಾಗಿ ಹರಡಿದೆ. ಇದರ ಮೂಲವನ್ನು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಶಸ್ತ್ರವೈದ್ಯರು 1960ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಗುರುತಿಸುತ್ತಾರೆ. ಮುಖದ ಆಕಾರ ತಿದ್ದಿಸಿಕೊಂಡ ರೋಗಿಗಳು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಮೆಯೆಂದರೆ ಸುಮಾರು 21 ದಿನ ಹಿಡಿಯುತ್ತದೆಂದು ಅವರು ಕಂಡಿದ್ದರು. "ಕಡಮೆಯೆಂದರೆ" ಎಂಬ ಮಾತು ಬಾಯಿಂದ ಬಾಯಿಗೆ ಸಾಗುವಾಗ ಉದುರಿಹೋಯಿತು. ಮುಖದ ವಿಷಯವೂ ಉದುರಿಹೋಯಿತು. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಅವರ ಸಹೋದ್ಯೋಗಿಗಳು ಇದನ್ನೇ ಅಳೆಯಲು ಹೊರಟು 96 ಮಂದಿಯನ್ನು 12 ವಾರಗಳ ಕಾಲ ಗಮನಿಸಿ, 2010ರಲ್ಲಿ ವರದಿಯನ್ನು ಪ್ರಕಟಿಸಿದರು. ಮಧ್ಯಾಹ್ನದ ಊಟದೊಡನೆ ಒಂದು ಹಣ್ಣನ್ನು ತಿನ್ನುವುದು, ರಾತ್ರಿಯ ಊಟಕ್ಕೆ ಮೊದಲು ಕಾಲು ಗಂಟೆ ಓಡುವುದು ಮೊದಲಾದವುಗಳಲ್ಲಿ ಒಂದೊಂದನ್ನು ಒಬ್ಬೊಬ್ಬರು ಆರಿಸಿಕೊಂಡಿದ್ದರು. ಕ್ರಿಯೆಯು ತಾನಾಗಿ ನಡೆಯುವ ಮಟ್ಟವನ್ನು ಮುಟ್ಟಲು ಹಿಡಿದ ಕಾಲದ ಮಧ್ಯಮ ಪ್ರಮಾಣ 66 ದಿನ. ಆದರೆ ಒಬ್ಬರಿಗೆ 18 ದಿನ ಸಾಕಾದರೆ, ಮತ್ತೊಬ್ಬರಿಗೆ 254 ದಿನ ಬೇಕಾಗುವುದೆಂದು ಲೆಕ್ಕಾಚಾರದಿಂದ ಕಂಡುಬಂದಿತು. ಸುಲಭವಾದ ಕೆಲಸಗಳು ಬೇಗ ನೆಲೆಗೊಂಡುವು; ವ್ಯಾಯಾಮದಂತಹ ಪ್ರಯಾಸದ ಕೆಲಸಗಳು ತಡವಾಗಿ.

ಜೂನ್ 1ರಂದು ಪ್ರಾರಂಭಿಸಿದ ವಿದ್ಯಾರ್ಥಿಗೆ 66ನೆಯ ದಿನ ಬರುವುದು ಆಗಸ್ಟ್ 5ರಂದು. ಜೂನ್ 21ರಂದು ಅವನು ತನ್ನನ್ನು ಪರೀಕ್ಷಿಸಿಕೊಂಡು "ಇನ್ನೂ ಕಷ್ಟವಾಗಿಯೇ ಇದೆ, ನನ್ನಿಂದಾಗದು" ಎಂದು ಕೈಬಿಟ್ಟರೆ, ಕಾಯಿ ಕಚ್ಚುವ ಮೊದಲೇ ಗಿಡವನ್ನು ಕಿತ್ತಂತಾಗುತ್ತದೆ. ಅದೇ ವರದಿಯಲ್ಲಿ ಇನ್ನೂ ಸಮಾಧಾನದ ಒಂದು ಮಾತಿದೆ. ವಿಲಿಯಂ ಜೇಮ್ಸ್ ಎಂಬ ಪ್ರಸಿದ್ಧ ಮನೋವಿಜ್ಞಾನಿ 1890ರಷ್ಟು ಹಿಂದೆಯೇ ಅಭ್ಯಾಸವನ್ನು ಕುರಿತು ಬರೆಯುತ್ತ, ಅದು ಬೇರೂರುವವರೆಗೆ ಒಂದು ಬಾರಿಯೂ ತಪ್ಪಲು ಅವಕಾಶ ಕೊಡಬಾರದೆಂದು ಎಚ್ಚರಿಸಿದ್ದರು. ಆದರೆ ಲಂಡನ್ನಿನ ಅಳತೆಯ ಪ್ರಕಾರ, ನಡುವೆ ಒಂದು ದಿನ ತಪ್ಪಿದರೂ ಅಭ್ಯಾಸದ ಬೆಳವಣಿಗೆಗೆ ಹೇಳಿಕೊಳ್ಳುವಂತಹ ಹಾನಿಯಾಗಲಿಲ್ಲ. ತಪ್ಪಿದ ದಿನವು ಕೇಡಲ್ಲ. "ಹೇಗೂ ತಪ್ಪಿತಲ್ಲ" ಎಂದು ಮರುದಿನವೂ ಬಿಡುವುದು ಕೇಡು.

ಕೆಟ್ಟ ಅಭ್ಯಾಸಗಳ ಸಂಗತಿಯೂ ಇದೇ ನಿಯಮಕ್ಕೆ ಒಳಪಟ್ಟಿದೆ. ಗಂಟೆಯ ಸದ್ದಿಗೆ ಜೊಲ್ಲು ಸುರಿಸಲು ಕಲಿತ ನಾಯಿಗೆ ಆಹಾರವಿಲ್ಲದೆ ಬರಿಯ ಸದ್ದನ್ನೇ ಮತ್ತೆ ಮತ್ತೆ ಕೇಳಿಸಿದರೆ ಜೊಲ್ಲು ನಿಲ್ಲುತ್ತದೆ. ಆದರೆ ಕೆಲಕಾಲ ಬಿಟ್ಟು ಸದ್ದು ಕೇಳಿಸಿದರೆ ಅದು ಮರುಕಳಿಸುತ್ತದೆಂದು ರಷ್ಯಾದ ಪಾವ್ಲೋವ್ ತೋರಿಸಿದ್ದರು. ಬಿದ್ದ ಗಂಟು ಸಡಿಲವಾಗಬಹುದು, ಪೂರ್ತಿಯಾಗಿ ಅಳಿಯುವುದು ಕಷ್ಟ. ಆದುದರಿಂದ ಚಟದೊಡನೆ ನಿತ್ಯವೂ ಕುಸ್ತಿ ಮಾಡುವುದಕ್ಕಿಂತ ಅದರ ಸೂಚನೆಯನ್ನು ಕಣ್ಣಿನಿಂದ ದೂರಮಾಡುವುದೇ ಲೇಸು. ಇಂದಿನ ವಿದ್ಯಾರ್ಥಿಯ ಕೈಯಲ್ಲಿರುವ ಮೊಬೈಲ್ ಫೋನನ್ನೇ ತೆಗೆದುಕೊಳ್ಳಿ. ಅದರಲ್ಲಿನ ಮನೋರಂಜನೆಯ ಆ್ಯಪುಗಳನ್ನು ರಚಿಸುವವರು ಅಭ್ಯಾಸದ ವಿಜ್ಞಾನವನ್ನು ಚೆನ್ನಾಗಿ ಬಲ್ಲವರು. ಸದ್ದು, ಕಂಪನ, ಕೆಂಪು ಚುಕ್ಕೆ ಇವು ಸೂಚನೆಗಳು. ಒಂದು ವೀಡಿಯೊ ಮುಗಿದೊಡನೆ ಇನ್ನೊಂದು ತಾನಾಗಿಯೇ ಪ್ರಾರಂಭವಾಗುತ್ತದೆ. ಬೆರಳನ್ನು ಎತ್ತುವ ಶ್ರಮವೂ ಇಲ್ಲ. ಹಾಸಿಗೆಯ ಪಕ್ಕಕ್ಕೆ ಸೀಸೆಯನ್ನು ತಂದ ಜಿನೀವಾದ ಉಪಾಯವೇ ಇದು, ಉದ್ದೇಶ ಮಾತ್ರ ಬೇರೆ. ಇಂತಹ ಸನ್ನಾಹದ ಎದುರಿಗೆ ಹದಿನೇಳರ ಹುಡುಗಿಯೊಬ್ಬಳು ಬರಿಯ ಸಂಕಲ್ಪವನ್ನು ಹಿಡಿದು ನಿಂತು ಸೋತರೆ ತಪ್ಪು ಅವಳದೆನ್ನಲಾದೀತೆ? ಓದುವ ಹೊತ್ತಿನಲ್ಲಿ ಫೋನನ್ನು ಬೇರೆ ಕೋಣೆಯಲ್ಲಿ ಹಿರಿಯರೊಬ್ಬರ ವಶದಲ್ಲಿಡುವುದು ಹೇಡಿತನವಲ್ಲ. ಯುದ್ಧದ ಸ್ಥಳವನ್ನು ಆರಿಸಿಕೊಳ್ಳುವ ಜಾಣ್ಮೆ.

ಈ ವಾದಕ್ಕೆ ಬರಬಹುದಾದ ಒಂದು ಆಕ್ಷೇಪವನ್ನು ನಾನು ಬಲ್ಲೆ. ಎಲ್ಲವೂ ಸನ್ನಿವೇಶದಿಂದಲೇ ಆಗುವುದಾದರೆ ಮನುಷ್ಯಪ್ರಯತ್ನಕ್ಕೆ ಬೆಲೆಯೇನು? ಸೋಮಾರಿಗೆ ಇದೊಂದು ನೆಪವಾಗಲಾರದೆ? ಆಗಬಹುದು. ಆದರೆ ನಾನು ಸಂಕಲ್ಪವನ್ನು ನಿರಾಕರಿಸುತ್ತಿಲ್ಲ. ಅದನ್ನು ಎಲ್ಲಿ ವ್ಯಯಮಾಡಬೇಕೆಂಬುದನ್ನು ಹೇಳುತ್ತಿದ್ದೇನೆ. ಗದ್ದೆಗೆ ನೀರುಣಿಸುವ ರೈತನು ಬೊಗಸೆಯಲ್ಲಿ ನೀರನ್ನು ಹೊರುವುದಿಲ್ಲ. ಮೈಮುರಿದು ದುಡಿದು ಕಾಲುವೆಯನ್ನು ತೋಡುತ್ತಾನೆ, ಅನಂತರ ನೀರು ತಾನೇ ಹರಿಯುತ್ತದೆ. ಕಾಲುವೆ ತೋಡುವುದಕ್ಕೂ ಛಲ ಬೇಕು, ಹೂಳು ತುಂಬಿದಾಗ ಎತ್ತುವುದಕ್ಕೂ ಛಲ ಬೇಕು. ಯಾವ ಗದ್ದೆಗೆ ನೀರು ಹರಿಯಬೇಕೆಂಬುದನ್ನು ನಿರ್ಣಯಿಸುವುದು ವಿವೇಕದ ಕೆಲಸ. ಅಭ್ಯಾಸವು ಕುರುಡು, ಹಳಸಲು ಪಾಪ್‌ಕಾರ್ನನ್ನೂ ತಿನ್ನಿಸುತ್ತದೆ. ಅದಕ್ಕೆ ಕಣ್ಣು ಕೊಡುವವನು ಮನುಷ್ಯನೇ.

ಕೊನೆಯದಾಗಿ, ವಿದ್ಯಾರ್ಥಿಗಳಿಗಿಂತ ಹೆಚ್ಚಾಗಿ ಅವರ ಹಿರಿಯರಿಗೆ ಒಂದು ಮಾತು. ನಾನು ಓದುತ್ತಿದ್ದಾಗ ವಾಸವಾಗಿದ್ದ ವಿದ್ಯಾರ್ಥಿನಿಲಯವೊಂದರ ಊಟದ ಮನೆಯಲ್ಲಿ "ಶುಚಿತ್ವವೇ ಆರೋಗ್ಯದ ಮೂಲ" ಎಂದು ಗೋಡೆಯ ತುಂಬ ಬರೆಸಿದ್ದರು. ನಲ್ಲಿಯಿದ್ದುದು ಕಟ್ಟಡದ ಹಿಂಭಾಗದಲ್ಲಿ. ಅಲ್ಲಿ ಸಾಬೂನನ್ನು ನಾನು ಒಂದು ದಿನವೂ ಕಂಡ ನೆನಪಿಲ್ಲ. ಕೈತೊಳೆಯದೆ ಊಟಕ್ಕೆ ಕುಳಿತವರಿಗೆ ಬೈಗುಳ ಮಾತ್ರ ತಪ್ಪುತ್ತಿರಲಿಲ್ಲ. ಅಂದು ನಾವು ತಲೆತಗ್ಗಿಸಿ ನಿಂತೆವು. ಇಂದು ಯೋಚಿಸಿದರೆ ಆ ಗೋಡೆಯ ಬರೆಹಕ್ಕೆ ತಗುಲಿದ ಬಣ್ಣದ ಬೆಲೆಯಲ್ಲಿ ಎಷ್ಟೋ ಸಾಬೂನುಗಳು ಬರುತ್ತಿದ್ದುವೆನಿಸುತ್ತದೆ. ಊಟದ ಮನೆಯ ಬಾಗಿಲಲ್ಲಿ ನಲ್ಲಿ, ನಲ್ಲಿಯ ಪಕ್ಕದಲ್ಲಿ ಸಾಬೂನು. ಸಂಜೆಯ ಹೊತ್ತು ತೆರೆದಿರುವ ವಾಚನಾಲಯ. ಮನೆಯಲ್ಲಿ ಮಕ್ಕಳು ಓದುವ ಹೊತ್ತಿನಲ್ಲಿ ಆರಿಸಿಟ್ಟ ದೂರದರ್ಶನ. ಹಿರಿಯರೂ ಕೆಳಗಿಟ್ಟ ಫೋನು. ನೂರು ನೀತಿಪಾಠಗಳು ಮಾಡಲಾರದುದನ್ನು ಇವು ಸದ್ದಿಲ್ಲದೆ ಮಾಡುತ್ತವೆ. ಇವುಗಳನ್ನು ಒದಗಿಸದೆ ಮಕ್ಕಳ ಛಲವನ್ನು ಪರೀಕ್ಷಿಸುವುದು ನ್ಯಾಯವಲ್ಲ.

ವಿದ್ಯಾರ್ಥಿ ಮಿತ್ರರೆ, ಹಿರಿಯರು ಇವನ್ನೆಲ್ಲ ಒದಗಿಸುವವರೆಗೆ ನೀವು ಕಾಯಬೇಕಾಗಿಲ್ಲ. ಗೋಡೆಯ ಮೇಲಿನ ವೇಳಾಪಟ್ಟಿ ಸೋತುದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಂಡಿದ್ದರೆ ಆ ತೀರ್ಪನ್ನು ಇಂದೇ ರದ್ದುಮಾಡಿರಿ. ಒಂದೇ ಒಂದು ಅಭ್ಯಾಸವನ್ನು ಆರಿಸಿಕೊಳ್ಳಿರಿ. ಅದು ನಾಚಿಕೆಯಾಗುವಷ್ಟು ಚಿಕ್ಕದಾಗಿರಲಿ. ದಿನವೂ ತಪ್ಪದೆ ನಡೆಯುವ ಯಾವುದಾದರೊಂದು ಕೆಲಸದ ಬಾಲಕ್ಕೆ ಅದನ್ನು ಕಟ್ಟಿರಿ. ಅದಕ್ಕೆ ಬೇಕಾದ ಸಾಮಗ್ರಿಯನ್ನು ಕೈಗೆಟಕುವಂತೆಯೂ, ಅದಕ್ಕೆ ಅಡ್ಡಬರುವುದನ್ನು ಕೈಗೆಟಕದಂತೆಯೂ ಇಡಿರಿ. ಒಂದು ದಿನ ತಪ್ಪಿದರೆ ಮರುದಿನ ಮುಂದುವರಿಸಿರಿ. ಎರಡು ಮೂರು ತಿಂಗಳ ತರುವಾಯ ಒಂದು ಸಂಜೆ, ಲೋಟ ತೊಳೆದಿಟ್ಟು ಬೇರಾವುದೋ ಯೋಚನೆಯಲ್ಲಿರುವಾಗ, ಮೇಜಿನ ಮುಂದೆ ಲೆಕ್ಕದ ಪುಸ್ತಕವನ್ನು ತೆರೆದು ಕುಳಿತಿರುವುದು ನಿಮ್ಮ ಗಮನಕ್ಕೆ ಬಂದೀತು. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟಷ್ಟು ಸುಲಭವಾಗಿ ಅಂದು ಓದು ಪ್ರಾರಂಭವಾಗಿರುವುದು.